ಮಸುಕಾದ ಸೋದರಮಾವ

ಹಿರೇಹಡಗಲಿಯ ಮೌನೇಶ ಫೋನಿನಲ್ಲಿ ಫೋಟೋ ತೆಗೆಯುತ್ತಿದ್ದಷ್ಟು ದಿನ ಯಾರಿಗೂ ತೊಂದರೆ ಇರಲಿಲ್ಲ. ಮದುವೆ ಆರ್ಡರು ಹಿಡಿಯುವ ಹುಮ್ಮಸ್ಸಿನಲ್ಲಿ ಸಿನಿಮಾದವರು ಹಿಡಿಯುವಂಥ ದುಬಾರಿ ಕ್ಯಾಮೆರಾ ತಂದ ಮೇಲೆ ಶುರುವಾಯಿತು ನೋಡಿ. ಅದರ ಮೈತುಂಬ ಗುಂಡಿಗಳು. ಇವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ, ಮುಂದಿನವರನ್ನು ಹೊಳೆಸಿ ಹಿಂದಿನದೆಲ್ಲವನ್ನೂ ಮಸುಕು ಮಾಡುವುದು. ಎಮ್ಮೆಯನ್ನೂ ಹಾಗೆಯೇ ತೆಗೆದ, ಹಿತ್ತಿಲ ನುಗ್ಗೆಗಿಡವನ್ನೂ ಹಾಗೆಯೇ ತೆಗೆದ.

ಅಷ್ಟರಲ್ಲಿ ತಂಗಿ ನಾಗರತ್ನಳ ಕುಬುಸ ಬಂತು. ಚೊಚ್ಚಲ ಬಸುರಿಯ ಉಡಿ ತುಂಬಲು ಹಂಪಸಾಗರದಿಂದ ಸೋದರಮಾವ ಪಾಲಯ್ಯನೂ ಬಂದ. ಅವನು ಬಂದದ್ದೇ ದೊಡ್ಡ ಮಾತು. ನಾಗರತ್ನಳ ಮದುವೆ ಕಾರ್ಡಿನಲ್ಲಿ ತನ್ನ ಹೆಸರು ಕೊನೆಯಲ್ಲಿತ್ತೆಂದು ಮುನಿಸಿಕೊಂಡವನು ಅಂದಿನಿಂದ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಹಸಿರು ಸೀರೆ ಉಡಿಗಿಟ್ಟು, ಅವಳ ಕುರ್ಚಿಯ ಹಿಂದೆ ಎದೆ ಸೆಟೆಸಿ ನಿಂತ. ಮೌನೇಶ ತನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಮರುದಿನ ಹೆಮ್ಮೆಯಿಂದ ಫೋಟೋಗಳನ್ನು ಬಂಧುಬಳಗದ ವಾಟ್ಸಾಪ್ ಗುಂಪಿಗೆ ಹಾಕಿದ.

ನಾಗರತ್ನಳ ಮೂಗುತಿ ಮಿರಮಿರ ಮಿಂಚುತ್ತಿತ್ತು. ಹಿಂದೆ ನಿಂತವರೆಲ್ಲ ಅಂಬಲಿಯಲ್ಲಿ ಕರಗಿಹೋದಂತಿದ್ದರು.

“ಲೇ, ನನ್ ತಮ್ಮ ಎಲ್ಲಿ ಅದಾನ?” ಅವ್ವ ಚೌಡಕ್ಕ ಫೋನನ್ನು ಕಣ್ಣಿಗೆ ಹಿಡಿದು ಕೇಳಿದಳು. “ಇದೇನು, ಗ್ವಾಡಿ ಮ್ಯಾಲಿನ ಕಲೆ ಐತೇನು?”

ಮೌನೇಶ ಫೋನು ಕಸಿದುಕೊಂಡು ಫೋಟೋ ಹಿಗ್ಗಿಸಿ ನೋಡಿದ. ಮಾವ ಮತ್ತೆ ಮುನಿದರೆ ಹೆರಿಗೆಗೂ ಬರುವುದಿಲ್ಲ, ತೊಟ್ಟಿಲಿಗೂ ಬರುವುದಿಲ್ಲ. ನಾಗರತ್ನ ಅತ್ತು ಕರೆಯುತ್ತಾಳೆ. ಅಷ್ಟರಲ್ಲೇ ಮಾವನ ಫೋನು ಬಂತು.

“ಕಾರ್ಡಿನ್ಯಾಗ ಕೊನಿಗರ ಇದ್ದೆ. ಇದ್ರಾಗ ನಾನೇ ಇಲ್ಲಲ್ಲಲೇ!”

“ಮಾವ, ಕ್ಯಾಮೆರಾ ಚಲೋ ಐತಿ. ನನಗ ಬರಂಗಿಲ್ಲ. ತಪ್ಪಾತು.” ಹೀಗೆ ಒಪ್ಪಿಕೊಳ್ಳಲು ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಆ ಕಡೆಯಿಂದ ಪಾಲಯ್ಯ ಹೇಳಿದ, “ಹಂಗಾದ್ರ ನಾನು ಬಂದಿಲ್ಲ ಅಂತಾತು. ನಾಳಿ ಬರ್ತೀನಿ. ನಾಗರತ್ನಗ ಅದೇ ಸೀರಿ ಉಟ್ಗಂಡು ಕುಂದ್ರಾಕ ಹೇಳು.”

ಹೇಳಿದಂತೆಯೇ ಬಂದ. ಈ ಸಲ ಹಿಂದೆ ನಿಲ್ಲುವ ಮಾತೇ ಇಲ್ಲ, ಕುರ್ಚಿ ಎಳೆದುಕೊಂಡು ನಾಗರತ್ನಳ ಪಕ್ಕಕ್ಕೇ ಕೂತ. ಮೌನೇಶ ವಿದ್ಯೆಯನ್ನು ಬದಿಗಿಟ್ಟು, ಕ್ಯಾಮೆರಾವನ್ನು ತೆಪ್ಪಗೆ, ಎಲ್ಲವನ್ನೂ ಅದೇ ನೋಡಿಕೊಳ್ಳುವ ಆಟೋ ಮೋಡಿಗೆ ತಿರುವಿದ.

“ಅಣ್ಣ,” ಮಾವನ ಕೈ ಹಿಡಿದುಕೊಂಡು ನಾಗರತ್ನ ಅಂದಳು, “ಇದನ್ನೂ ಒಂದೀಟು ಕೆಡಿಸು. ಮಾವ ಮತ್ತೊಮ್ಮೆ ಬರ್ತಾನ.”

“ಏ ಹುಚ್ಚಿ!” ಪಾಲಯ್ಯ ಗದರಿದ. ಅದೇ ಗಳಿಗೆಯಲ್ಲಿ ಮೌನೇಶ ಗುಂಡಿ ಒತ್ತಿದ. ಮಾವನ ತುಂಬಿದ ಕಣ್ಣು ಚೊಕ್ಕವಾಗಿ ಬಂದಿತ್ತು.