ಡಬ್ಬಿಯ ಗಿಣ್ಣು

ಸೋಂಪುರದ ಕಾರ್ಖಾನೆಯ ಶಿಫ್ಟಿನಿಂದ ಪಾರಾಗುವ ದಾರಿಯನ್ನು ಆದಿಲಕ್ಷ್ಮಮ್ಮನ ಮಗ ಮನೋಹರ ಕಡೆಗೂ ಕಂಡುಕೊಂಡು ಬಂದಿದ್ದ. ದಾರಿಯೆಂದರೆ, ರಟ್ಟಿನ ಪೆಟ್ಟಿಗೆ ತುಂಬ ಗಿಣ್ಣಿನ ಮಾತ್ರೆಯ ಡಬ್ಬಿಗಳು.

"ಕರು ಹಾಕಿದ ಹಸೀನ ಮೊದಲ್ನೇ ಹಾಲಮ್ಮ, ಒಣಗಿಸಿ ಮಾತ್ರೆ ಮಾಡವ್ರೆ. ಮೈಗೆ ಶಕ್ತಿ. ಭಾನುವಾರದೊಳಗೆ ಎಲ್ಲಾ ಖಾಲಿ ಆದ್ರೆ ಈ ಮಾತ್ರೆ ಕಂಪ್ನೀಲಿ ನಾನು ಲೀಡರು. ಆಮೇಲೆ ಯಾವ ಶಿಫ್ಟೂ ಇಲ್ಲ."

"ಕರು ಕುಡಿದ್ಮೇಲೆ ಕರೆದಿದ್ದು ತಾನೇ?"

"ಹಂಗಂತ ಡಬ್ಬಿ ಮೇಲೇ ಬರ್ದೈತೆ."

ಅವಳಿಗೆ ಅಷ್ಟು ಸಾಕಾಯಿತು. ಮಗ ಕೆಲಸಕ್ಕೆ ಹೋದದ್ದೇ ತಡ, ಮಿಂದು ಮಡಿಯುಟ್ಟು, ಮೊದಲ ಮಾತ್ರೆಯನ್ನು ಬೆಲ್ಲದ ಚೂರಿನೊಡನೆ ನಾಗರಕಲ್ಲಿನ ಮುಂದಿಟ್ಟು ಕೈಮುಗಿದಳು. ಡಬ್ಬಿಗಳನ್ನು ಮೊರದಲ್ಲಿ ಜೋಡಿಸಿಕೊಂಡು ಬೀದಿಗಿಳಿದಳು. ಗಿಣ್ಣನ್ನು ಹಂಚದೆ ತಿಂದವರುಂಟೇ? ಹಂಚಿ ಕಾಸು ಕೇಳಿದವರುಂಟೇ? ಮಾರಿದರೆ ಹಸುವಿನ ಕೆಚ್ಚಲು ಬತ್ತುವುದಿಲ್ಲವೇ?

"ಇದೇನಕ್ಕ, ಗಿಣ್ಣು ಇಷ್ಟು ಸಣ್ಣಗಾಗೋಗೈತೆ!" ಎಂದು ಪಕ್ಕದ ಮನೆಯ ಗಂಗಲಕ್ಷ್ಮಮ್ಮ ನಕ್ಕಳು. ನಕ್ಕರೂ, ಕೊಟ್ಟವರ ಮೊರ ಬರಿದಾಗಿ ಹೋಗಬಾರದೆಂದು ಅವರೆಕಾಯಿ ಸುರಿದಳು. ಮಿಕ್ಕ ಮನೆಯವರೂ ಹಾಗೆಯೇ.

ಸಂಜೆ ಮನೋಹರ ಬಂದು ನೋಡಿದರೆ ಪೆಟ್ಟಿಗೆ ಬರಿದು, ನಡುಮನೆಯಲ್ಲಿ ಅವರೆಕಾಯಿಯ ಗುಡ್ಡೆ.

"ಎಲ್ಲಮ್ಮ ಡಬ್ಬಿ?"

"ಎಲ್ಲಾ ಖಾಲಿ! ಭಾನುವಾರದ ಗಂಟ ಯಾಕೆ ಕಾಯ್ಬೇಕು?"

"ದುಡ್ಡು?"

"ಗಿಣ್ಣಿಗೆ ದುಡ್ಡಾ? ಬಿಡ್ತು ಅನ್ನೋ!"

ಅವನು ಬಿಡ್ತು ಅನ್ನಲಿಲ್ಲ. ಕೂಡಿಟ್ಟಿದ್ದನ್ನೆಲ್ಲ ಸುರಿದು ಆ ಡಬ್ಬಿಗಳನ್ನು ತಂದಿದ್ದ. ಫೋನನ್ನೂ ಮರೆತು ಗಂಗಲಕ್ಷ್ಮಮ್ಮನ ಮನೆಗೆ ಓಡಿದ.

"ಗಿಣ್ಣಿಗೆ ಕಾಸು ಇಸ್ಕೊಂಡ್ರೆ ಆ ಹಸೀನ ಗತಿ ಏನಪ್ಪಾ?" ಗೋಡೆಯಾಚೆಯಿಂದ ಅವಳ ದನಿ ಕೇಳಿಸಿತು.

"ಯಾವ ಹಸ ದೊಡ್ಡಮ್ಮ?"

"ಕಂಪ್ನಿ ಹಸ ಕಣೋ!"

ಆದಿಲಕ್ಷ್ಮಮ್ಮ ತಲೆದೂಗಿದಳು. ನೆರೆಯವಳಿಗಿರುವ ಭಯಭಕ್ತಿ ತನ್ನ ಮಗನಿಗಿಲ್ಲವಲ್ಲ! ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮಗನನ್ನು ಈ ವ್ಯಾಪಾರಕ್ಕೆ ಸೇರಿಸಿದ ಚಂದನ ಮೇಡಂ.

"ಡಬ್ಬಿಗಳು ಹೋಗ್ತಿದಾವಾ ಆಂಟಿ?"

"ಒಂದೂ ಉಳಿದಿಲ್ಲ ತಾಯಿ. ಜನ ಇನ್ನೂ ಬೇಕು ಅಂತಾವ್ರೆ."

"ಒಂದೇ ದಿನಕ್ಕಾ! ಹಾಗಾದ್ರೆ ಇವತ್ತಿಂದಾನೇ ಮನೋಹರ್ ಲೀಡರ್. ನಾಳೆ ಇದರ ಎರಡರಷ್ಟು ಕಳಿಸ್ತೀನಿ. ದುಡ್ಡು ನಿಧಾನಕ್ಕೆ ಕೊಡ್ಲಿ."

"ನಿಮ್ಮ ಹೊಟ್ಟೆ ತಣ್ಣಗಿರ್ಲಿ. ಕಳಿಸಮ್ಮ."

ಪುಕ್ಕಟೆ ಹಂಚಿಬಿಟ್ಟೆವೆಂದು ಹೇಳಲು ಲೀಡರಿಗೆ ಬಾಯಿ ಬರಲಿಲ್ಲ. ಪೆಟ್ಟಿಗೆಗಳು ಸಾಲದ ಲೆಕ್ಕದಲ್ಲಿ ಬಂದವು. ಕೊಳ್ಳಲು ಯಾರೂ ಬರಲಿಲ್ಲ. ಹಂಚುವುದು ಯಾವಾಗ ಎಂದು ಕೇಳಲು ಊರೇ ಬಂತು. ಸೋಮವಾರದಿಂದ ಮನೋಹರ ಎರಡೆರಡು ಶಿಫ್ಟಿಗೆ ಹೋಗತೊಡಗಿದ.

"ಲೀಡರಾದ್ಮೇಲೆ ನಮ್ಮ ಹುಡುಗನಿಗೆ ಪುರುಸೊತ್ತೇ ಇಲ್ಲ ನೋಡಿ" ಎನ್ನುತ್ತಾಳೆ ಆದಿಲಕ್ಷ್ಮಮ್ಮ.