ಸರ್ವೆಯರ್ ರಮಾ ಮತ್ತು ಅಳದ ಮಗು

ರಮಾ ಅವರ ಬಾಯಿಂದ 'ಸುಮಾರು' ಎಂಬ ಮಾತನ್ನು ನಾನು ಒಂದು ಸಲವೂ ಕೇಳಲಿಲ್ಲ. ಬೇಲೂರಿನ ನಮ್ಮ ಮನೆಯ ಮಹಡಿಯಲ್ಲಿ ಒಂಬತ್ತು ವರ್ಷ ಬಾಡಿಗೆಗಿದ್ದ ಅವರು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್. ಊರೂರು ತಿರುಗಿ ಹೊಲಗದ್ದೆಗಳ ಗಡಿ ಅಳೆಯುವ ಕೆಲಸ. ಸಂಜೆ ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳಿದರೆ, "ಬಸ್ಸು ಆರೂ ಐವತ್ತಕ್ಕೆ ಬರುತ್ತೆ ಸಾರ್, ನಡೆಯೋಕೆ ಹದಿನಾಲ್ಕು ನಿಮಿಷ" ಎನ್ನುವರು. ಹುಲಿಕೆರೆಯ ಗದ್ದೆಯ ಬದುವಿನ ಮೇಲೆ ಅಣ್ಣತಮ್ಮಂದಿರಿಬ್ಬರು ಕುಡುಗೋಲು ಹಿಡಿದು ನಿಂತಾಗಲೂ ಅವರು ಆಡಿದ್ದು ಒಂದೇ ಮಾತಂತೆ: "ಅಂದಾಜು ಬೇಡ, ಅಳೆದು ನೋಡೋಣ."

ನಡಿಗೆಯೂ ಹಾಗೆಯೇ. ಬಸ್‌ ನಿಲ್ದಾಣದಿಂದ ನಮ್ಮ ಗೇಟಿನವರೆಗೆ ಒಂದೇ ಅಳತೆಯ ಹೆಜ್ಜೆಗಳು. ನಾಯಿ ಬೆನ್ನಟ್ಟಿದರೂ ಉದ್ದವಾಗದ, ಮಳೆ ಸುರಿದರೂ ಚುರುಕಾಗದ ಹೆಜ್ಜೆಗಳು. ಮೈಮೇಲೆ ತಂದೆಯ ಖಾಕಿ ಕೋಟು. ತಂದೆ ಮರಿಯಣ್ಣನವರು ಅದೇ ಇಲಾಖೆಯಲ್ಲಿ ಸರ್ವೆಯರರ ಹಿಂದೆ ಅಳತೆಯ ಸರಪಳಿ ಹಿಡಿದು ಆಯುಷ್ಯ ಸವೆಸಿದವರು. ಅವರು ತೀರಿಕೊಂಡ ಮೇಲೆ ಮಗಳು ಕೋಟಿನ ತೋಳನ್ನು ನಾಲ್ಕು ಬೆರಳು ಒಳಕ್ಕೆ ಹೊಲಿಸಿ ತಾವೇ ತೊಟ್ಟರು, ಬೇಸಗೆಯಲ್ಲೂ ಬಿಡಲಿಲ್ಲ.

ಇವೆಲ್ಲಕ್ಕಿಂತ ಗಟ್ಟಿಯಾದ ಹಟವೊಂದಿತ್ತು: ಯಾರನ್ನೂ ಏನನ್ನೂ ಕೇಳದಿರುವುದು. ಗ್ಯಾಸ್ ಮುಗಿದ ರಾತ್ರಿ ಅವಲಕ್ಕಿ ನೆನೆಸಿ ತಿಂದು ಮಲಗಿದ ಸಂಗತಿ ಎರಡು ತಿಂಗಳ ಮೇಲೆ ಮಾತಿನ ನಡುವೆ ಜಾರಿಬಿತ್ತು. ನಮ್ಮಲ್ಲಿಗೆ ಬರುವ ಮುನ್ನ ಐದು ಮನೆಗಳವರು 'ಯಾವ ಜನ' ಎಂದು ಕೇಳಿ ತಿಳಿದುಕೊಂಡು ಬಾಗಿಲು ಮುಚ್ಚಿದ್ದರೆಂಬುದು ಗೊತ್ತಾಗಲು ವರ್ಷಗಳೇ ಹಿಡಿದವು; ಅದೂ ಬೇರೆಯವರಿಂದ. ಮೇಲಿನಿಂದ ಸದ್ದೇ ಬರುತ್ತಿರಲಿಲ್ಲ. "ಮನೇಲಿ ಜನ ಇದಾರೆ ಅಂತಾನೇ ಗೊತ್ತಾಗಲ್ಲ ನೋಡಿ" ಎಂದು ನನ್ನ ಹೆಂಡತಿ ಜಾನಕಮ್ಮ ನೆಂಟರೆದುರು ಹೊಗಳುತ್ತಿದ್ದಳು. ನಾನೂ ತಲೆಯಾಡಿಸುತ್ತಿದ್ದೆ.

ಮೂವತ್ತೆಂಟನೆಯ ವಯಸ್ಸಿನಲ್ಲಿ, ಮದುವೆಯಾಗದ ರಮಾ, ಮೂರು ವರ್ಷ ಸರದಿಯಲ್ಲಿ ಕಾದು, ದೂರದ ಜಿಲ್ಲೆಯ ದತ್ತು ಕೇಂದ್ರವೊಂದರಿಂದ ಒಂಬತ್ತು ತಿಂಗಳ ಹೆಣ್ಣುಕೂಸನ್ನು ತಂದರು. ಸಿರಿ ಎಂದು ಹೆಸರಿಟ್ಟರು. ಮಾದಿಹಳ್ಳಿಯಲ್ಲಿದ್ದ ತಾಯಿ ಮುದ್ದಮ್ಮ, "ಮದ್ವೆ ಆಗು ಅಂದ್ರೆ ಮಗಾ ತತ್ತೀನಿ ಅಂತಾಳೆ" ಎಂದು ಮುನಿದು ಈ ಕಡೆ ಸುಳಿಯಲಿಲ್ಲ. ನವೆಂಬರಿನ ಒಂದು ಸಂಜೆ ಖಾಕಿ ಕೋಟಿನೊಳಗೆ ಮಗುವನ್ನು ಬೆಚ್ಚಗೆ ಮುಚ್ಚಿಕೊಂಡು ಅವರೊಬ್ಬರೇ ಆಟೋದಿಂದ ಇಳಿದರು. ಜಾನಕಮ್ಮ ಆರತಿ ಎತ್ತಿದಳು. ಮಗು ದೀಪವನ್ನು ನೋಡಿತು, ನಮ್ಮನ್ನು ನೋಡಿತು. ನಗಲಿಲ್ಲ, ಅಳಲೂ ಇಲ್ಲ.

ಅದು ಅಳುವುದೇ ಇಲ್ಲವೆಂಬುದು ವಾರದೊಳಗೆ ಬೀದಿಗೆಲ್ಲ ಗೊತ್ತಾಯಿತು. ರಾತ್ರಿ ಎಂಟಕ್ಕೆ ಮಲಗಿಸಿದರೆ ಬೆಳಗಿನವರೆಗೆ ಒಂದು ಕುಂಯ್ ಎಂಬ ಸದ್ದಿಲ್ಲ. ಎದುರುಮನೆಯ ಮೇಘಶ್ರೀ, ತನ್ನ ಎರಡು ತಿಂಗಳ ಮಗನನ್ನು ಹೆಗಲಿಗೆ ಹಾಕಿಕೊಂಡು ರಾತ್ರಿಯೆಲ್ಲ ತಿರುಗಿ ಕಣ್ಣು ಕಪ್ಪಿಟ್ಟವಳು, ಗೇಟಿನ ಬಳಿ ನಿಂತು ಕೇಳಿದಳು: "ಅದೇನು ಮಾಡ್ತೀರಿ ಅಕ್ಕ, ನಮಗೂ ಸ್ವಲ್ಪ ಹೇಳ್ಕೊಡಿ."

ಅದರ ಹಿಂದಿನ ರಾತ್ರಿಯಷ್ಟೇ ರಮಾ ಅವರಿಗೆ ನಿಜ ತಿಳಿದಿತ್ತು. ನೀರು ಕುಡಿಯಲೆಂದು ಎದ್ದವರು ಮೊಬೈಲಿನ ಬೆಳಕಿನಲ್ಲಿ ತೊಟ್ಟಿಲು ನೋಡಿದರೆ, ಮಗು ಕಣ್ಣು ತೆರೆದುಕೊಂಡು ಮಲಗಿತ್ತು. ಬಟ್ಟೆ ಒದ್ದೆಯಾಗಿ ಬೆನ್ನೆಲ್ಲ ತಣ್ಣಗಾಗಿತ್ತು. ಮುಷ್ಟಿಯನ್ನು ಬಾಯಲ್ಲಿಟ್ಟುಕೊಂಡು ಸೂರನ್ನು ದಿಟ್ಟಿಸುತ್ತಿತ್ತು. ಇವರ ಮುಖ ಕಂಡರೂ ಕೈ ಚಾಚಲಿಲ್ಲ. ರಮಾ ಅಂದಾಜಿಗೆ ಬಿಡುವವರಲ್ಲ. ಮುಂದಿನ ಮೂರು ರಾತ್ರಿ ಎಚ್ಚರವಿದ್ದು ಗಡಿಯಾರ ನೋಡಿ, ಹೊಲದ ಅಳತೆ ಬರೆಯುವ ಪುಸ್ತಕದಲ್ಲೇ ಗುರುತು ಹಾಕಿಕೊಂಡರು. ಹನ್ನೆರಡೂ ನಲವತ್ತರಿಂದ ಎರಡೂ ಹತ್ತು, ಮೂರೂ ಐದರಿಂದ ನಾಲ್ಕೂ ಮೂವತ್ತೈದು. ಊರು ಹೊಗಳುವ ಆ ನಿದ್ದೆಯಲ್ಲಿ ಪ್ರತಿ ರಾತ್ರಿ ಮೂರು ಗಂಟೆ ಬರೀ ಎಚ್ಚರ.

ಈ ಲೆಕ್ಕವನ್ನು ಅವರು ನನಗೆ ಹೇಳಿದ್ದು ಮಗುವಿನ ಬಟ್ಟೆ ಹರವುತ್ತ, ನನ್ನ ಮುಖ ನೋಡದೆ. ದತ್ತು ಕೇಂದ್ರಕ್ಕೆ ಫೋನು ಮಾಡಿ ವಿಚಾರಿಸಿದ್ದರು. "ಅಲ್ಲಿ ರಾತ್ರಿ ಹತ್ತು ಕೂಸಿಗೆ ಒಬ್ಬಳೇ ಆಯಾ ಸಾರ್. ಕೆಟ್ಟವಳಲ್ಲ, ಕೈ ಎರಡೇ ಅಲ್ವಾ. ಅತ್ತರೆ ಯಾರೂ ಬರಲ್ಲ ಅಂತ ಇವಳಿಗೆ ಗೊತ್ತಾಗಿಹೋಗಿದೆ." ಇನ್ನೊಂದು ಬಟ್ಟೆ ಕೊಡವಿ ಮುಂದುವರಿಸಿದರು: "ನನ್ನನ್ನ ಆರು ವರ್ಷಕ್ಕೆ ಅರಸೀಕೆರೆಯಲ್ಲಿ ಹಾಸ್ಟೆಲಿಗೆ ಹಾಕಿದ್ರು. ಹನ್ನೆರಡು ರಾತ್ರಿ ಅತ್ತೆ. ಹದಿಮೂರನೇ ರಾತ್ರಿ ಅಳಲಿಲ್ಲ. ಹುಡುಗಿ ಹೊಂದಿಕೊಂಡಳು ಅಂತ ಅಪ್ಪನಿಗೆ ಕಾಗದ ಹೋಯ್ತು." ಒಂಬತ್ತು ವರ್ಷದಲ್ಲಿ ಅವರು ತಮ್ಮ ಬಗ್ಗೆ ನನ್ನೊಡನೆ ಆಡಿದ ಅತ್ಯಂತ ಉದ್ದದ ಮಾತು ಅದು. ಕೊನೆಯ ಬಟ್ಟೆಗೆ ಕ್ಲಿಪ್ಪು ಹಾಕಿ ಮೇಲೆ ಹೋದರು.

ಆ ಮೇಲೆ ಅವರು ಮಾಡಿದ್ದು ಇಷ್ಟೆ: ಬಾರದ ಅಳುವಿಗೆ ಓಗೊಡತೊಡಗಿದರು. ತೊಟ್ಟಿಲನ್ನು ಬಿಟ್ಟು ಮಗುವನ್ನು ತಮ್ಮ ಚಾಪೆಯ ಪಕ್ಕಕ್ಕೆ ತಂದು, ಗಂಟೆಗೊಮ್ಮೆ ಅಲಾರಾಂ ಇಟ್ಟು ಎದ್ದು, ಕಣ್ಣು ತೆರೆದಿದ್ದರೆ ಎತ್ತಿಕೊಂಡು, ಬಟ್ಟೆ ಬದಲಿಸಿ, ಹಾಲು ಕುಡಿಸಿ, "ಇಲ್ಲೇ ಇದೀನಿ, ಇಲ್ಲೇ ಇದೀನಿ" ಎನ್ನುತ್ತ ಕೋಣೆಯ ಉದ್ದಗಲ ನಡೆಯುವುದು. ಹಾಡು ಅವರಿಗೆ ಬರುತ್ತಿರಲಿಲ್ಲ. ಮಗು ಮರದ ಗೊಂಬೆಯಂತೆ ಹೆಗಲ ಮೇಲೆ ಕುಳಿತಿರುತ್ತಿತ್ತು, ಒರಗುತ್ತಲೂ ಇರಲಿಲ್ಲ. ಒಂದು ಬೆಳಿಗ್ಗೆ, ಕೆಂಪಾದ ಕಣ್ಣುಗಳನ್ನು ಉಜ್ಜಿಕೊಳ್ಳುತ್ತ, "ಅವಳಿಗೆ ನಾನು ಬೇಕಾಗಿಲ್ಲವೇನೋ ಸಾರ್" ಎಂದರು. ಆ ಮಹಡಿಯ ಒಂದೇ ಕೋಣೆಯಲ್ಲಿ, ಒಂದೇ ಚಾಪೆಯ ಮೇಲೆ, ಒಬ್ಬರನ್ನೊಬ್ಬರು ಕರೆಯಲಾರದ ಎರಡು ಜೀವಗಳು ಇರುಳೆಲ್ಲ ಎಚ್ಚರವಿದ್ದವು. ಕೆಳಗೆ ನಾವು ಸುಖವಾಗಿ ಮಲಗಿದ್ದೆವು.

ಮಗು ಬಂದ ನಲವತ್ತಮೂರನೆಯ ರಾತ್ರಿ ನನಗೆ ಎಚ್ಚರವಾಯಿತು. ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದು, ನಿಂತಿತು, ಮತ್ತೆ ಬಂತು, ಈ ಸಲ ಏರಿ ಏರಿ ಬೀದಿಗೆಲ್ಲ ಕೇಳುವ ಅಳುವಾಯಿತು. ಗಾಬರಿಯಿಂದ ಇಬ್ಬರೂ ಮೆಟ್ಟಿಲು ಹತ್ತಿದೆವು. ರಮಾ ಬಾಗಿಲು ತೆರೆದರು. ಹೆಗಲ ಮೇಲೆ ಮಗು ಮುಖ ಕೆಂಪಗೆ ಮಾಡಿಕೊಂಡು, ಅವರ ಜಡೆಯನ್ನು ಬಿಗಿಯಾಗಿ ಹಿಡಿದು ಅಳುತ್ತಿತ್ತು.

"ಅತ್ಲು ಸಾರ್" ಎಂದರು. "ನಾನು ಪಕ್ಕಕ್ಕೆ ಹೊರಳಿದೆ. ನನ್ನ ಮುಖ ಕಾಣಲಿಲ್ಲ ಅಂತ ಅತ್ಲು."

ಜಾನಕಮ್ಮ ಸಂತೈಸಲು ಕೈ ಚಾಚಿದಳು. ರಮಾ ಒಂದು ಹೆಜ್ಜೆ ಹಿಂದೆ ಸರಿದರು. "ಇರಲಿ ಅಮ್ಮ, ಅಳಲಿ. ಒಂಬತ್ತು ತಿಂಗಳಿಂದು ಬಾಕಿ ಇದೆ."

ಅಲ್ಲಿಂದ ಎರಡು ತಿಂಗಳು ಬೀದಿಗೆ ನಿದ್ದೆಯಿಲ್ಲ. ಗಂಟೆಗೊಂದು ಅಳು, ಪ್ರತಿ ಅಳುವಿಗೂ ಮೇಲೆ ಅದೇ ಅಳತೆಯ ಹೆಜ್ಜೆಗಳು. ಒಳ್ಳೆಯ ಮಗುವಿಗೆ ದೃಷ್ಟಿಯಾಗಿದೆಯೆಂದು ಕೆಲವರು, ಎತ್ತಿ ಎತ್ತಿ ಕೆಡಿಸಿದರೆಂದು ಕೆಲವರು. ಸುದ್ದಿ ಮಾದಿಹಳ್ಳಿಗೂ ಮುಟ್ಟಿ, ಜನವರಿಯ ಒಂದು ದಿನ ಮುದ್ದಮ್ಮ ಬಸ್ಸಿಳಿದು ಬಂದರು. ಮಗಳ ಇಳಿದುಹೋದ ಮುಖ ನೋಡಿ ಮುನಿಸು ಮರೆತು ಬುದ್ಧಿ ಹೇಳಿದರು: "ಅತ್ರೆ ಅಳ್ಲಿ ಬುಡು. ನಾಕು ದಿನ ಅತ್ತು ತಾನೇ ಮಲಗಾದ್ ಕಲೀತದೆ."

"ಅದನ್ನ ಅವ್ಳು ಕಲ್ತ್ಕೊಂಡೇ ಬಂದವ್ಳೆ ಕಣವ್ವ" ಎಂದರು ರಮಾ.

"ನಿನ್ನೂ ಹಂಗೇ ಬುಟ್ಟಿರ್ನಿಲ್ವಾ ನಾವು? ಈಗೇನಾಗೈತೆ ನಿಂಗೆ?"

ರಮಾ ಹಾಲಿನ ಬಾಟಲಿ ತೊಳೆಯುತ್ತಲೇ ಇದ್ದರು. ಮುದ್ದಮ್ಮನಿಗೆ ಅದೇನು ಹೊಳೆಯಿತೋ, ಕಾಲು ನೀಡಿ ಕುಳಿತು ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಸಂಜೆಯ ಬಸ್ಸಿನವರೆಗೂ ತೂಗುತ್ತ ಕುಳಿತರು. ಇದೆಲ್ಲ ನನಗೆ ಜಾನಕಮ್ಮ ಹೇಳಿದ್ದು.

ಅಳು ನಿಧಾನವಾಗಿ ವಿರಳವಾಯಿತು. ಏಪ್ರಿಲ್ ಒಂಬತ್ತರ ರಾತ್ರಿ ಒಂಬತ್ತೂ ಇಪ್ಪತ್ತಕ್ಕೆ ಮಲಗಿದ ಸಿರಿ ಬೆಳಿಗ್ಗೆ ಐದೂ ಐವತ್ತಕ್ಕೆ ಎದ್ದಳು. ಕಣ್ಣು ತೆರೆದ ಮೌನವಲ್ಲ. ಬಾಯಿ ಅರೆತೆರೆದು, ಜೊಲ್ಲು ಸುರಿಸಿ, ಕೈಕಾಲು ಚೆಲ್ಲಿದ ನಿದ್ದೆ. "ನೀವೂ ಮಲಗಿದ್ರಾ?" ಎಂದು ಕೇಳಿದೆ. "ಇಲ್ಲ ಸಾರ್, ನಿಜವಾಗ್ಲೂ ಮಲಗಿದಾಳಾ ಅಂತ ನೋಡ್ತಾ ಇದ್ದೆ" ಎಂದರು.

ಮಗು ಬದಲಾಯಿತು, ತಾಯಿ ಬದಲಾಗಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಸಿರಿಯ ಅಳು ಎಷ್ಟು ಹೊತ್ತಾದರೂ ನಿಲ್ಲದಿದ್ದುದರಿಂದ ಜಾನಕಮ್ಮ ಮೇಲೆ ಹೋದಳು. ರಮಾ ನೆಲದ ಮೇಲೆ ಕೆಂಡದಂಥ ಜ್ವರದಲ್ಲಿ ಬಿದ್ದಿದ್ದರು, ಮೂರು ದಿನವಾಗಿತ್ತಂತೆ. ಕೈಗೆಟಕುವಂತೆ ಹಾಲಿನ ಬಾಟಲಿಗಳನ್ನೂ ಮಡಿಸಿದ ಬಟ್ಟೆಗಳನ್ನೂ ಸಾಲಾಗಿ ಜೋಡಿಸಿಟ್ಟುಕೊಂಡಿದ್ದರು. ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಜಾನಕಮ್ಮ, "ಒಂದು ಕೂಗು ಹಾಕಬಾರದಿತ್ತೇನಮ್ಮ, ಕೆಳಗೇ ಇದ್ವಲ್ಲ" ಎಂದು ಗದರಿದಳು. ರಮಾ ಬಹಳ ಹೊತ್ತು ಯೋಚಿಸಿ, "ಅದು ನನಗೆ ಹೊಳೀಲೇ ಇಲ್ಲ ಅಮ್ಮ" ಎಂದರು. ಅದು ಸಂಕೋಚದ ಮಾತಾಗಿರಲಿಲ್ಲ, ನಿಜವೇ ಆಗಿತ್ತು.

ಮರುವರ್ಷ ಅವರಿಗೆ ಅರಸೀಕೆರೆಗೆ ವರ್ಗವಾಯಿತು. ಸಾಮಾನನ್ನೆಲ್ಲ ಒಬ್ಬರೇ ಕಟ್ಟಿ ಲಾರಿಗೆ ಹೇರಿಸಿದರು. ಸಿರಿ ಮಾತ್ರ ಜಾನಕಮ್ಮನ ಸೆರಗು ಬಿಡದೆ, ಲಾರಿ ಹೊರಡುವವರೆಗೂ ಬೀದಿ ಕೇಳುವಂತೆ ಅತ್ತಳು.

ಲೋಕದಲ್ಲಿ ಇಂಥವರು ನಾವೆಣಿಸಿದ್ದಕ್ಕಿಂತ ಹೆಚ್ಚು ಇದ್ದಾರೆ. ಎಳವೆಯಲ್ಲಿ ಎಂದೋ ಕೂಗಿ, ಯಾರೂ ಬಾರದೆ, ಕೂಗುವುದನ್ನೇ ಮರೆತವರು. ಅವರನ್ನು ನಾವು ಗಟ್ಟಿಗರೆನ್ನುತ್ತೇವೆ, ಸ್ವಾಭಿಮಾನಿಗಳೆನ್ನುತ್ತೇವೆ, ಒಳ್ಳೆಯ ಬಾಡಿಗೆದಾರರೆನ್ನುತ್ತೇವೆ. ತಮಗೆ ಬಾರದ ಭಾಷೆಯನ್ನು ಅವರು ತಮ್ಮ ಮಕ್ಕಳಿಗೆ ತಪ್ಪಿಲ್ಲದೆ ಕಲಿಸಬಲ್ಲರು. ತಾವು ಮಾತ್ರ ಅದರಲ್ಲಿ ಒಂದಕ್ಷರವನ್ನೂ ಆಡಲಾರರು. ಅವರ ಮೌನವನ್ನು ನೆಮ್ಮದಿಯೆಂದು ತಿಳಿದು ಮಲಗುವುದು ನಮ್ಮಂಥವರಿಗೆ ಬಹಳ ಸುಲಭ. ಕರೆಯದಿದ್ದರೂ ಒಮ್ಮೆ ಎದ್ದು ಮೆಟ್ಟಿಲು ಹತ್ತಿ ಹೋಗಿ ನೋಡಬೇಕಾದವರು ನಾವಾಗಿದ್ದೆವು.