ಸ್ವಂತ ಕಾಲ ಮೇಲೆ ನಿಲ್ಲಿಸುವವರು

ಪಾರ್ಶ್ವವಾಯು ಗುಡುಗಮ್ಮನ ಎಡಗೈಗೆ ಹೊಡೆಯಿತು, ಎಡಗಾಲಿಗೆ ಹೊಡೆಯಿತು. ನಾಲಿಗೆಯ ಹತ್ತಿರ ಸುಳಿಯುವ ಧೈರ್ಯ ಮಾತ್ರ ಅದಕ್ಕೂ ಬರಲಿಲ್ಲ. ವಿಶ್ವವಿದ್ಯಾಲಯದಲ್ಲಿ ಫಿಸಿಯೋಥೆರಪಿ ವಿಭಾಗವನ್ನು ಹುಟ್ಟುಹಾಕಿದವಳು ಅವಳೇ. ನಿವೃತ್ತಿಯಾಗುವ ದಿನದವರೆಗೂ ಅದನ್ನು ಗದರಿಕೊಂಡೇ ನಡೆಸಿದಳು. ಗುಡುಗಮ್ಮ ಎಂಬ ಹೆಸರು ವಿದ್ಯಾರ್ಥಿಗಳು ಇಟ್ಟದ್ದು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು.

ಈಗ ಕಿಟಕಿಯ ಪಕ್ಕದ ಮರದ ಕುರ್ಚಿಯಲ್ಲಿ ಕೂತು, ವಿಭಾಗದ ಸುವರ್ಣ ಮಹೋತ್ಸವಕ್ಕೆ ಅಚ್ಚು ಹಾಕಿಸಿದ ಪುಸ್ತಿಕೆಯನ್ನು ತಂಗಿಯಿಂದ ಓದಿಸಿಕೊಳ್ಳುತ್ತಿದ್ದಳು. ಹೊಳೆಯುವ ಕಾಗದ, ಬಂಗಾರದ ಅಂಚು. ಹೆಸರು ‘ನಮ್ಮ ಇತಿಹಾಸ ಮತ್ತು ಧ್ಯೇಯ’.

"‘ದೂರದೃಷ್ಟಿಯುಳ್ಳ ಕುಲಪತಿಗಳ ಕನಸಿನ ಕೂಸಾಗಿ ಜನಿಸಿದ ಈ ವಿಭಾಗವು...’" ತಂಗಿ ಓದಿದಳು.

"ಕನಸಂತೆ ಕನಸು! ಆ ಮಹಾರಾಯ ಸಹಿ ಹಾಕಿದ್ದು ನನ್ನ ಕಾಟ ತಡೆಯೋಕಾಗದೆ. ಮುಂದೆ ಓದು."

"‘ಸುಸಜ್ಜಿತ ಕೊಠಡಿಗಳಲ್ಲಿ ಆರಂಭಗೊಂಡು...’"

"ಅಬ್ಬಬ್ಬಾ! ಆಸ್ಪತ್ರೆ ಬಟ್ಟೆ ಒಗೆಯೋ ಕೋಣೆ ಹಿಂದಿನ ಉಗ್ರಾಣ ಕಣೇ ಅದು. ಮುರಿದ ಮಂಚ ಎಲ್ಲ ಹೊರಗೆ ಹಾಕಿ ನಾವೇ ಗುಡಿಸಿದ್ದು. ಹಿಡ್ಕೊಂಡು ನಡೆಯೋ ಕಂಬಿ ಅಂದ್ರೆ ಎರಡು ನೀರಿನ ಪೈಪು. ಇಡೀ ದಿನ ಸೋಪಿನ ಹಬೆ. ಹೆಜ್ಜೆ ಕಲಿಯೋಕೆ ಬಂದ ಮಕ್ಕಳು ಜಾರಿ ಬೀಳ್ತಿದ್ವು, ನಗ್ತಿದ್ವು, ಮತ್ತೆ ಏಳ್ತಿದ್ವು."

"ಅದನ್ನೆಲ್ಲ ಪುಸ್ತಕದಲ್ಲಿ ಹಾಕೋಕಾಗತ್ತಾ ಅಕ್ಕಾ?"

"ಲಿಫ್ಟಿಗೆ ಒಂದು ಇಡೀ ಪುಟ ಹಾಕಿದಾರಲ್ಲ!"

ಅದೂ ನಿಜವೇ. ಲಿಫ್ಟಿಗೊಂದು ಪುಟ, ಅದನ್ನು ಉದ್ಘಾಟಿಸಿದವರಿಗೊಂದು ಪುಟ, ವಿದೇಶದಿಂದ ಬಂದು ಚಹಾ ಕುಡಿದು ಹೋದ ನಿಯೋಗಕ್ಕೆ ಎರಡು ಪುಟ. ರೋಗಿ ಎಂಬ ಪ್ರಾಣಿ ಹುಡುಕಿದರೂ ಸಿಗಲಿಲ್ಲ. ಕೊನೆಯಲ್ಲಿ ದಪ್ಪಕ್ಷರದಲ್ಲಿ ಧ್ಯೇಯ: ‘ಪ್ರತಿಯೊಬ್ಬರನ್ನೂ ಅವರ ಸ್ವಂತ ಕಾಲ ಮೇಲೆ ನಿಲ್ಲಿಸುವುದೇ ನಮ್ಮ ಪರಮ ಗುರಿ.’ ಮಾತು ಗುಡುಗಮ್ಮನದೇ, ‘ಪರಮ’ ಮಾತ್ರ ಅವರದು.

ಇದನ್ನು ಬರೆದವನು ಈಗಿನ ವಿಭಾಗದ ಮುಖ್ಯಸ್ಥ, ಅವಳ ಹಳೆಯ ಶಿಷ್ಯ. ತರಗತಿಯಲ್ಲಿ ಅವನಿಗೆ ಹೂಂಗುಟ್ಟಪ್ಪ ಎಂದು ನಾಮಕರಣ ಮಾಡಿದ್ದು ಅವಳೇ. ಏನು ಹೇಳಿದರೂ "ಹೂಂ ಮೇಡಂ." ಒಮ್ಮೆ ಪರೀಕ್ಷಿಸೋಣವೆಂದು, "ಮೊಣಕೈ ಹಿಂದಕ್ಕೂ ಮಡಚತ್ತೆ ಅಲ್ವೇನೋ?" ಎಂದಿದ್ದಳು. "ಹೂಂ ಮೇಡಂ" ಎಂದು ಬರೆದುಕೊಂಡಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಅಂಥವರನ್ನೇ ಕುರ್ಚಿಗಳು ಹುಡುಕಿಕೊಂಡು ಬರುತ್ತವೆ.

"ನಾಳೆ ಹೋಗಲೇಬೇಕಾ ಅಕ್ಕಾ?" ತಂಗಿ ಪುಸ್ತಿಕೆ ಮುಚ್ಚಿದಳು. "ಮನೆಯಲ್ಲೇ ಇರು. ಈಗಷ್ಟೇ ಒಂದು ಹದಕ್ಕೆ ಬಂದಿದೀಯ."

ತಂಗಿಯ ಆತಂಕಕ್ಕೆ ಕಾರಣವಿತ್ತು. ಅವಳ ಮಗಳಿಗೆ ದಿನ ತುಂಬಿತ್ತು. ಮುಂದಿನ ವಾರ ತಂಗಿ ಹೆರಿಗೆಗೆಂದು ಮಗಳ ಮನೆಗೆ ಹೊರಡಲೇಬೇಕು. ಅಕ್ಕ ಕುರ್ಚಿಯಿಂದ ತಾನಾಗಿ ಎದ್ದು ನಿಲ್ಲುವಂತಾದರೆ ಕೋಲು ಹಿಡಿದು ಬಚ್ಚಲಿಗೆ ಹೋಗಿ ಬರಬಹುದು. ಅಡುಗೆಯವಳು ಹೇಗೂ ಬಂದು ಹೋಗುತ್ತಾಳೆ, ಅಕ್ಕ ಮನೆಯಲ್ಲೇ ಉಳಿಯಬಹುದು. ಇಲ್ಲದಿದ್ದರೆ ಆರೈಕೆ ಮನೆ. ಅದನ್ನು ಗುಡುಗಮ್ಮ ಒಮ್ಮೆ ನೋಡಿ ಬಂದಿದ್ದಳು. ಮುದುಕಿಯರನ್ನು ಸಾಲಾಗಿ ಟೀವಿ ಮುಂದೆ ಕೂರಿಸಿ, ಕುತ್ತಿಗೆಗೆ ಒರೆಸುವ ಬಟ್ಟೆ ಕಟ್ಟಿದ್ದರು. ಬಚ್ಚಲಿಗೆ ಹೋಗಬೇಕೆಂದು ಒಬ್ಬಳು ಗಂಟೆ ಒತ್ತುತ್ತಲೇ ಇದ್ದಳು, ಯಾರೂ ಬರಲಿಲ್ಲ. ಆ ಗಂಟೆಯ ಸದ್ದಿಗೆ ಗುಡುಗಮ್ಮನಿಗೆ ಜೀವನದಲ್ಲಿ ಮೊದಲ ಸಲ ಹೆದರಿಕೆಯಾಯಿತು.

ಹಾಗಾಗಿ ಅಭ್ಯಾಸ ನಡೆದೇ ಇತ್ತು. ಪಾದ ಹಿಂದಕ್ಕೆಳೆದು, ಎರಡೂ ಕೈಯ ಬೆರಳು ಹೆಣೆದು, ಬಲಗೈಯ ಆಸರೆಯಲ್ಲಿ ಸೋತ ಎಡಗೈಯನ್ನೂ ಮುಂದಕ್ಕೆ ಚಾಚಿ, ಮೂಗು ಮೊಣಕಾಲನ್ನು ದಾಟುವಷ್ಟು ಬಾಗಬೇಕು. ಆಗ ಪೃಷ್ಠ ತಾನಾಗಿ ಮೇಲೇಳುತ್ತದೆ. ತಂಗಿ ಎದುರಿಗೆ ಕೂತು, ಎಲ್ಲಿ ಮರೆತು ಹಿಡಿದುಬಿಡುತ್ತೇನೋ ಎಂದು ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದಳು. ಆವತ್ತು ಬೆಳಿಗ್ಗೆ ಅಕ್ಕ ಎದ್ದು, ನಿಂತು, ನಿಂತೇ ಇದ್ದಳು.

"ಆರೈಕೆ ಮನೆಯವರಿಗೆ ಬೇಡ ಅಂತ ಹೇಳ್ಬಿಡ್ಲಾ?" ಎಂದು ತಂಗಿ ಕಣ್ಣೊರೆಸಿಕೊಂಡಿದ್ದಳು.

"ನಾಳೆ ಸಮಾರಂಭ ಮುಗಿಸಿ ಬಂದು ನಾನೇ ಹೇಳ್ತೀನಿ. ಆ ಹೂಂಗುಟ್ಟಪ್ಪನ ಎದುರಿಗೆ ಎದ್ದು ನಿಂತು ತೋರಿಸಬೇಕು ನಂಗೆ, ಫೋನಲ್ಲಿ ಅವನಿಗೆ ಹೇಳಿಯೂ ಆಗಿದೆ. ಕಲೀಲಿ."

ಮರುದಿನ ವಿಭಾಗದ ಬಾಗಿಲಿಗೆ ಬಣ್ಣದ ಬಟ್ಟೆ ಕಟ್ಟಿದ್ದರು. ಚಿಕಿತ್ಸಾ ಕೊಠಡಿಗೆ ಬೀಗ. ಮೇಲೆ ಚೀಟಿ: ‘ಸಮಾರಂಭದ ಪ್ರಯುಕ್ತ ಇಂದು ಚಿಕಿತ್ಸೆ ಇರುವುದಿಲ್ಲ.’ ಊರುಗೋಲಿನವನೊಬ್ಬ ಅದನ್ನು ಓದಿ, ಬೈಯಲೂ ತ್ರಾಣವಿಲ್ಲದೆ ಮೆಟ್ಟಿಲಿಳಿದು ಹೋದ. ಸಭಾಂಗಣದ ವೇದಿಕೆಗೆ ಗಾಲಿಕುರ್ಚಿ ಹತ್ತುವ ಇಳಿಜಾರು ಇರಲಿಲ್ಲ, ಮೆಟ್ಟಿಲಷ್ಟೇ. ಉಪನ್ಯಾಸಕರು ನಾಲ್ಕು ಕಡೆ ಹಿಡಿದು, "ಹುಷಾರು, ಹುಷಾರು" ಎನ್ನುತ್ತ ಗಾಲಿಕುರ್ಚಿ ಸಮೇತ ಗುಡುಗಮ್ಮನನ್ನು ಬೀರುವಿನಂತೆ ಎತ್ತಿ ಮೇಲಿಟ್ಟರು. ಕೂರಲು ಹತ್ತಿಯ ಮೂಟೆಯಂಥ ತಗ್ಗು ಸೋಫಾ ತೋರಿಸಿದರು.

"ಇದರಲ್ಲಿ ಕೂತ್ರೆ ನೆಟ್ಟಗಿರೋರೇ ಏಳಲ್ಲ. ಮರದ ಕುರ್ಚಿ ತನ್ನಿ. ಫಿಸಿಯೋಥೆರಪಿ ಓದಿದೀರೋ, ಪೀಠೋಪಕರಣದ ಅಂಗಡಿ ಇಟ್ಟಿದೀರೋ?"

ಎಲ್ಲರೂ ನಕ್ಕರು. ಮೇಡಂ ಬದಲಾಗಿಲ್ಲ ಎಂದರು. ಕುರ್ಚಿ ಬಂತು.

ಹೂಂಗುಟ್ಟಪ್ಪ ಇತಿಹಾಸ ಓದಿದ, ಧ್ಯೇಯ ಓದಿದ. ಲಿಫ್ಟಿನ ಪುಟವನ್ನೂ ಬಿಡಲಿಲ್ಲ. ರೋಗಿಯನ್ನು ಮುಟ್ಟಿ ಅದೆಷ್ಟು ವರ್ಷವಾಗಿತ್ತೋ, ಕೈ ಮಾತ್ರ ಬೆಣ್ಣೆಯ ಹಾಗಿತ್ತು. ಆಮೇಲೆ ದೊಡ್ಡದೊಂದು ಹೂಗುಚ್ಛ ತಂದು ಗುಡುಗಮ್ಮನ ಬಲಗೈಗೆ ತುರುಕಿ ಘೋಷಿಸಿದ: "ನಮ್ಮ ಧ್ಯೇಯಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಇದೀಗ ನಮ್ಮ ಸಂಸ್ಥಾಪಕಿಯವರು ನಿಮ್ಮೆಲ್ಲರ ಮುಂದೆ ಎದ್ದು ನಿಲ್ಲಲಿದ್ದಾರೆ!"

"ತಡಿ, ಅವಸರ ಮಾಡ್ಬೇಡ. ಮೊದಲು ಈ ಹೂವು ತಗೋ," ಎಂದಳು ಅವಳು, ಪಾದ ಹಿಂದಕ್ಕೆಳೆದುಕೊಳ್ಳುತ್ತ. ಬೆರಳು ಹೆಣೆಯಲು ಬಲಗೈ ಬಿಡುವಾಗಬೇಕಲ್ಲ!

ಹೂವು ಯಾರೂ ತೆಗೆದುಕೊಳ್ಳಲಿಲ್ಲ. "ಸರ್, ಈ ಕಡೆ ಬನ್ನಿ, ಬೆಳಕು ಚೆನ್ನಾಗಿದೆ," ಎಂದ ಫೋಟೋದವನು. ಹೂಂಗುಟ್ಟಪ್ಪ ಹೂಂ ಎಂದು ಎಡಗಡೆಗೆ ಬಂದ. ಸೋತ ತೋಳಿನಲ್ಲಿ ಬಿಗಿ ಇರುವುದಿಲ್ಲ, ಅದನ್ನು ಹಿಡಿದೆಳೆದರೆ ಭುಜದ ಕೀಲು ಜಾರುತ್ತದೆ ಎಂಬುದು ಮೊದಲ ವರ್ಷದ ಮೊದಲ ಪಾಠ. ಅವನು ಒಂದು ಕೈಯನ್ನು ಅವಳ ಕಂಕುಳಿಗೆ ಕೊಟ್ಟ, ಇನ್ನೊಂದರಿಂದ ಮಣಿಕಟ್ಟು ಹಿಡಿದ, ಬಾವಿಯಿಂದ ಕೊಡ ಸೇದುವವನಂತೆ ಎಳೆದ.

ಒಳಗೆ ಏನೋ ಕಳಚಿತು. ಕಣ್ಣು ಕತ್ತಲೆ ಬಂತು.

"ಕೈ ಬಿಡೋ ಮುಂಡೇದೇ!"

"ಹೂಂ ಮೇಡಂ," ಎಂದ, ಕ್ಯಾಮೆರಾದ ಕಡೆ ನಗುತ್ತ.

ಸಭಾಂಗಣದ ತುಂಬ ಕಲಿತವರು, ಕಲಿಸುವವರು, ಕಲಿಯುತ್ತಿರುವವರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರು ಕಣ್ಣೀರೂ ಹಾಕಿದರು. ಆ ತೋಳನ್ನು ಯಾರೂ ನೋಡಲಿಲ್ಲ. ನೋಡಿದವಳು ತಂಗಿಯೊಬ್ಬಳೇ. ಚಪ್ಪಲಿ ಬಿಟ್ಟು ವೇದಿಕೆಗೆ ಓಡಿ ಬಂದಳು.

ಸಂಜೆ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರ್ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿದ. ಹೊಸಬ; ಇವಳು ಯಾರೆಂದು ಅವನಿಗೆ ತಿಳಿದಿರಲಿಲ್ಲ.

"ಕೀಲು ಜಾರಿದೆ ಅಮ್ಮಾ. ಸ್ನಾಯೂನೂ ಹರಿದಿರೋ ಹಾಗಿದೆ. ಕೈನ ಕಟ್ಟಿ ಹಾಕ್ತೀನಿ, ಅಲ್ಲಾಡಿಸಬಾರದು."

"ಎದ್ದು ನಿಲ್ಲೋ ಅಭ್ಯಾಸ ಮಾಡಿಸ್ತಿದ್ವಿ," ಎಂದಳು ತಂಗಿ. "ಕೈ ಹೆಣೆದು, ಮುಂದಕ್ಕೆ ಚಾಚಿ..."

"ಚಾಚೋದೆಲ್ಲಿ ಬಂತು? ಕೆಲವು ತಿಂಗಳು ಆ ಮಾತೇ ಬೇಡ. ಪಕ್ಕದಲ್ಲಿ ಯಾವಾಗ್ಲೂ ಒಬ್ಬರು ಇರಲೇಬೇಕು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಆರೈಕೆ ಮನೆಗೆ ಫೋನ್ ಮಾಡ್ತೀನಿ ಅಕ್ಕಾ," ಎಂದಳು ತಂಗಿ. "ಹೆರಿಗೆ ಆಗಿ ಬರೋವರೆಗೆ ಅಷ್ಟೇ."

"ಮಾಡು," ಎಂದಳು ಗುಡುಗಮ್ಮ. ದನಿ ಅವಳದೆನ್ನುವಂತೆಯೇ ಇರಲಿಲ್ಲ.

ಡಾಕ್ಟರ್ ಪಟ್ಟಿ ಸುತ್ತುತ್ತ ತಲೆ ಕೊಡವಿದ. "ಇಂಥ ಕೈನ ಹಿಡಿದು ಎಳೆದವರು ಯಾರಮ್ಮ? ಮನೆ ಕೆಲಸದವರಾ? ಹೋಗ್ಲಿ ಬಿಡಿ, ಅವರನ್ನ ಬೈದು ಏನು ಪ್ರಯೋಜನ. ಪಾಪ, ಕಲಿತವರಲ್ಲ."

"ಕಲಿತವರೇ," ಎಂದಳು ಅವಳು. "ನಾನೇ ಕಲಿಸಿದ್ದು."